ಎಲ್ವಿಸ್ ಪ್ರೆಸ್ಲಿಯ ಹಿಂದೆ ಡ್ರಮ್ ನುಡಿಸುತ್ತಿದ್ದವರು ಯಾರು?

1950ರ ದಶಕದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯರ ಕಂಟ್ರಿ ಸಂಗೀತವೂ ಆಫ್ರಿಕನ್ ಅಮೆರಿಕನ್ನರ ರಿದಮ್ ಅಂಡ್ ಬ್ಲೂಸ್ ಶೈಲಿಯೂ ಬೆರೆತು ಹುಟ್ಟಿದ ರಾಕಬಿಲಿಯಲ್ಲಿ ಪ್ರೆಸ್ಲಿಯ ತಂಡಕ್ಕೆ ಮೊದಲು ಡ್ರಮ್ ಇರಲಿಲ್ಲ. ಆಳೆತ್ತರದ ಬಾಸ್ ವಾದ್ಯದ ತಂತಿಗಳು ಹಲಗೆಗೆ ಬಡಿದೇಳುವ ಸದ್ದೇ ತಾಳವಾಗಿತ್ತು. ಡ್ರಮ್ಮಿನ ಆ ಕೊರತೆಯನ್ನು ತುಂಬಿದವರು ಡಿ. ಜೆ. ಫೊಂಟಾನಾ. 1931ರಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಜನಿಸಿದ ಅವರು 'ಲೂಸಿಯಾನಾ ಹೇರೈಡ್' ಎಂಬ ಬಾನುಲಿ ಕಾರ್ಯಕ್ರಮದ ವಾದಕರಾಗಿದ್ದು, ಡ್ರಮ್ಮನ್ನು ಒಪ್ಪದ, ಎದುರು ಕುಳಿತ ಕಂಟ್ರಿ ಶ್ರೋತೃಗಳ ಕಣ್ಣಿಗೆ ಬೀಳದಂತೆ ಆರಂಭದಲ್ಲಿ ಪರದೆಯ ಹಿಂದೆ ಕುಳಿತು ನುಡಿಸಬೇಕಾಗಿತ್ತು. 1956ರ 'ಹೌಂಡ್ ಡಾಗ್' ಧ್ವನಿಮುದ್ರಣದಲ್ಲಿ ಚರಣಗಳ ನಡುವೆ ಸಿಡಿಯುವ ಅವರ ಬಿರುಸಿನ ಪೆಟ್ಟುಗಳು ಪ್ರಸಿದ್ಧವಾದರೂ, ಗಾಯಕನ ಮೈಚಲನೆಯನ್ನು ಗಮನಿಸಿ ಅದಕ್ಕೆ ತಕ್ಕಂತೆ ಒತ್ತು ಕೊಡುತ್ತಿದ್ದ ಸೂಕ್ಷ್ಮತೆಯೇ ಅವರ ನಿಜವಾದ ಹಿರಿಮೆ. ಪ್ರೆಸ್ಲಿಯ 1968ರ ದೂರದರ್ಶನ ಕಾರ್ಯಕ್ರಮದಲ್ಲಿ ಡ್ರಮ್ಮಿನ ಬದಲು ಗಿಟಾರ್ ಪೆಟ್ಟಿಗೆಯನ್ನೇ ಬಾರಿಸಿದ ಫೊಂಟಾನಾ, 2009ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವಕ್ಕೆ ಪಾತ್ರರಾಗಿ, 2018ರಲ್ಲಿ ನ್ಯಾಶ್‌ವಿಲ್‌ನಲ್ಲಿ ನಿಧನರಾದರು.