ಒಂದೇ ಖಾದ್ಯ, ಒಂದೂವರೆ ಶತಮಾನ

ಟೋಕಿಯೋದ ಪ್ರತಿಷ್ಠಿತ ಭೋಜನಗೃಹ ‘ತೋರಿಯಾಸು’ ಸ್ಥಾಪನೆಯಾದದ್ದು 1872ರಲ್ಲಿ. ಅಂದಿನಿಂದಲೂ ಅದರ ಕಸುಬು ಒಂದೇ: ಕಾಡುಬಾತು ಮತ್ತು ಸಾಕುಬಾತುಗಳ ಮಿಶ್ರತಳಿಯಾದ ‘ಐಗಾಮೊ’ ಮಾಂಸದ ಭೋಜನ. ಕೆಂಡದ ಮೇಲಿನ ಕಬ್ಬಿಣದ ಬಾಣಲೆಯಲ್ಲಿ, ಅತಿಥಿಯ ಕಣ್ಣೆದುರಿಗೇ ಮಾಂಸದ ಹೋಳುಗಳು ಬೇಯುತ್ತವೆ. ಬಾತಿನ ಕೊಬ್ಬೇ ಎಣ್ಣೆ. ಈರುಳ್ಳಿದಂಟು ಬಾಡುವುದೂ ಅದರಲ್ಲಿಯೇ. ನಂಚಿಕೊಳ್ಳಲು ಮೂಲಂಗಿತುರಿ ಬೆರೆಸಿದ ಸೋಯಾ ರಸ.

‘ಬಾತುಕೋಳಿ ಈರುಳ್ಳಿ ಹೊತ್ತು ಬಂತು’ ಎಂಬುದು ಜಪಾನೀ ಗಾದೆ. ಸುಲಭವಾಗಿ ಮೋಸಹೋಗುವವನು ತಾನಾಗಿಯೇ ಬಂದು ಸಿಕ್ಕಿದನೆಂಬುದು ಅದರ ವ್ಯಂಗ್ಯಾರ್ಥ. ಆದರೆ ಗಿರಾಕಿಯನ್ನೇ ಬಾತುಕೋಳಿಯೆಂದು ಬಗೆವ ಅಂಗಡಿ ತಲೆಮಾರುಗಳ ಕಾಲ ಬಾಳಲಾರದು. ದುಬಾರಿ ದರ ತೆತ್ತವನು ಮತ್ತೆ ಬರುವುದು ಗುಣಮಟ್ಟದ ಮೇಲಣ ಭರವಸೆಯಿಂದ. ಸರಕುಗಳ ಪಟ್ಟಿಯನ್ನು ಹಿಗ್ಗಿಸುವ ಮುನ್ನ, ಒಂದನ್ನಾದರೂ ಸರಿಸಾಟಿಯಿಲ್ಲದಂತೆ ತಯಾರಿಸಬಲ್ಲೆವೇ ಎಂದು ಉದ್ಯಮಿಗಳಾದ ನಾವು ಕೇಳಿಕೊಳ್ಳಬೇಕು.