ಹರಿವಾಣದಲ್ಲಿ ಆಲದ ಮರ

ಹಳೆಯ ಮನೆಯ ಮಾಳಿಗೆಯ ಅಂಚಿನಲ್ಲಿ, ಮಳೆನೀರಿನ ಕೊಳವೆ ಗೋಡೆಯನ್ನು ಸೇರುವ ಮೂಲೆಯಲ್ಲಿ, ಗಾರೆ ಬಿರಿದು ಹಿಡಿಯಷ್ಟು ಧೂಳು ನಿಂತ ಸಂದಿಯಲ್ಲಿ, ಶ್ರಾವಣ ಕಳೆಯುವಷ್ಟರಲ್ಲಿ ಆಲವೋ ಅರಳಿಯೋ ನಾಲ್ಕೆಲೆ ತೆರೆದು ನಿಂತಿರುವುದನ್ನು ನಮ್ಮ ಊರುಗಳಲ್ಲಿ ಕಾಣದವರಿಲ್ಲ. ಅದನ್ನು ಯಾರೂ ನೆಟ್ಟವರಲ್ಲ, ಅದಕ್ಕೆ ಯಾರೂ ನೀರೆರೆದವರಲ್ಲ. ಹಣ್ಣುಂಡ ಕಾಗೆಯೋ ಗೊರವಂಕವೋ ಬಾವಲಿಯೋ ಹಿಕ್ಕೆಯೊಡನೆ ಉದುರಿಸಿಹೋದ, ಸಾಸಿವೆಗಿಂತಲೂ ಕಿರಿದಾದ ಒಂದು ಬೀಜವು, ಮಣ್ಣೆಂಬುದರ ನೆರವಿಲ್ಲದೆಯೇ ಇಟ್ಟಿಗೆಯ ಒಡಲೊಳಕ್ಕೆ ಬೇರಿಳಿಸಿ ಬೆಳಕಿಗೆ ಮುಖವೆತ್ತಿರುತ್ತದೆ. ಗೋಡೆಗೆ ಕೇಡೆಂದು ಮನೆಯವರು ಅದನ್ನು ಕೀಳಿಸುತ್ತಾರೆ. ಮುಂದಿನ ಮಳೆಗೆ ಅದೇ ಸಂದಿಯಿಂದ ಅದು ಮತ್ತೆ ಚಿಗುರುತ್ತದೆ. ಆ ಹಟದ ಗಿಡವನ್ನು ಮೆಲ್ಲನೆ ಬಿಡಿಸಿ ತಂದು, ಅಂಗೈ ಆಳದ ಮಣ್ಣಿನ ತಟ್ಟೆಯೊಂದರಲ್ಲಿ ನೆಲೆಗೊಳಿಸಿ, ಇಪ್ಪತ್ತು ಮೂವತ್ತು ವರ್ಷಗಳ ಕಾಲ ಅದರೊಡನೆ ಬಾಳುವ ಒಂದು ಕಲೆಯನ್ನು ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಆ ಕಲೆಯ ಹೆಸರು ಬೋನ್ಸಾಯ್. ಜಪಾನೀ ಭಾಷೆಯಲ್ಲಿ ‘ಬೋನ್’ ಎಂದರೆ ಆಳವಿಲ್ಲದ ಪಾತ್ರೆ, ‘ಸಾಯ್’ ಎಂದರೆ ನೆಡುವಿಕೆ. ನಮ್ಮ ‘ಹರಿವಾಣ’ವೆಂಬ ಮಾತು ಆ ‘ಬೋನ್’ಗೆ ಬಹು ಸಮೀಪವಾದುದೆಂದು ನನಗೆ ತೋರುತ್ತದೆ. ಹೆಸರು ಜಪಾನಿನದಾದರೂ ಕಲೆಯ ಬೇರು ಚೀನಾದ್ದು, ಕ್ರಿ. ಶ. 706ರಲ್ಲಿ ನಿರ್ಮಿತವಾದ ಟಾಂಗ್ ವಂಶದ ರಾಜಕುಮಾರನೊಬ್ಬನ ಸಮಾಧಿಯ ಭಿತ್ತಿಚಿತ್ರಗಳಲ್ಲಿ, ಕಲ್ಲು ಮತ್ತು ಕಿರುಗಿಡಗಳನ್ನು ತಟ್ಟೆಯಲ್ಲಿಟ್ಟು ಹೊತ್ತು ನಡೆಯುವ ಪರಿಚಾರಕರನ್ನು ಇಂದಿಗೂ ಕಾಣಬಹುದು. ಚೀನೀಯರು ಇದನ್ನು ‘ಪೆನ್‌ಜಿಂಗ್’ ಎಂದು ಕರೆದರು. ಜಪಾನಿನಲ್ಲಿ ಅದು ಪೈನ್, ಮೇಪಲ್, ಜೂನಿಪರ್ ಮುಂತಾದ ಶೀತವಲಯದ ವೃಕ್ಷಗಳನ್ನು ಅವಲಂಬಿಸಿ ಬೆಳೆಯಿತಾದುದರಿಂದ, ಬೋನ್ಸಾಯ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಹಿಮಗಾಳಿಗೆ ಬಾಗಿದ ಪೈನ್ ಮರವೇ. ಆಲದ ಬಳಗವಾದರೋ ಹಿಮವನ್ನು ಸಹಿಸದು. ಆದಕಾರಣ ಈ ಬಳಗದ ಕುಬ್ಜವೃಕ್ಷಗಳನ್ನು ಅರಸಬೇಕಾದುದು ಬೆಚ್ಚನೆಯ ಸೀಮೆಗಳಲ್ಲಿ: ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್, ತೈವಾನ್, ಜಪಾನಿನ ದಕ್ಷಿಣದ ತುದಿಯ ಒಕಿನಾವಾ, ಮತ್ತು ನಮ್ಮ ನಾಡು. ಇಟಲಿಯ ಮಿಲಾನ್ ನಗರದ ಬಳಿ 1991ರಲ್ಲಿ ತೆರೆದ ಕ್ರೆಸ್ಪಿ ಬೋನ್ಸಾಯ್ ವಸ್ತುಸಂಗ್ರಹಾಲಯದ ನಡುವೆ, ಸಹಸ್ರ ವರ್ಷದ್ದೆಂದು ಪ್ರಸಿದ್ಧಿ ಪಡೆದಿರುವ ಒಂದು ಮಹಾಮರವಿದೆ. ಅದೂ ಈ ಬಳಗದ್ದೇ. ಆ ಶೀತದೇಶದಲ್ಲಿ ಅದಕ್ಕೆ ಗಾಜಿನ ಮಂಟಪವನ್ನೇ ಕಟ್ಟಿ ಕಾಪಾಡುತ್ತಿದ್ದಾರೆ. ಬೆಂಗಳೂರಿನಲ್ಲಿ ಅದರ ಸೋದರ ಗಿಡಗಳು ಮೋರಿಯ ಕಟ್ಟೆಯ ಮೇಲೆ ತಾವಾಗಿ ಹುಟ್ಟುತ್ತವೆ.

ಈ ಬಳಗದಲ್ಲಿ ಜಗತ್ತಿನಾದ್ಯಂತ ಸುಮಾರು 800 ಪ್ರಭೇದಗಳುಂಟು. ನಮ್ಮ ಜನ ಅವನ್ನೆಲ್ಲ ಒಂದೇ ಹೆಸರಿನಡಿ ಗುಡ್ಡೆ ಹಾಕದೆ ಆಲ, ಅರಳಿ, ಅತ್ತಿ, ಬಸರಿ, ಗೋಣಿ, ಕಲ್ಲರಳಿ, ಅಂಜೂರ ಎಂದು ಒಂದೊಂದನ್ನೂ ಮುಖ ನೋಡಿ ಕರೆದಿದ್ದಾರೆ. ಆದರೂ ಒಡಹುಟ್ಟಿನ ಗುರುತು ಮರೆಯಾಗದು: ಎಲೆ ಮುರಿದರೆ ಹಾಲು ಒಸರುವುದು, ಚಿಗುರನ್ನು ಸುತ್ತಿದ ಪೊರೆ ಕಳಚಿ ಬಿದ್ದಾಗ ಕಡ್ಡಿಯ ಸುತ್ತ ಬಳೆಯಂಥ ಗೆರೆಯೊಂದು ಉಳಿಯುವುದು, ಹೂವು ಹೊರಗೆ ಕಾಣಿಸದೆ ಕಾಯಿಯ ಗರ್ಭದಲ್ಲಿಯೇ ಅರಳುವುದು. ಕಲೆಗಾರನ ದೃಷ್ಟಿಯಿಂದ ಇವುಗಳೊಳಗೆ ತಾರತಮ್ಯವಿದೆ. ಚಿಕ್ಕ ಎಲೆಯ, ನಯವಾದ ಬೂದುತೊಗಟೆಯ, ‘ಫೈಕಸ್ ಮೈಕ್ರೋಕಾರ್ಪ’ ಎಂದು ಸಸ್ಯಶಾಸ್ತ್ರಜ್ಞರು ಕರೆಯುವ ಜಾತಿ ಆರಂಭಿಕರಿಗೆ ಅತ್ಯಂತ ಸುಲಭ. ಆಲವು ದೊಡ್ಡೆಲೆಯದಾದರೂ ಬಿಳಲಿನ ವೈಭವದಿಂದ ಆ ಕೊರತೆಯನ್ನು ತುಂಬಿಕೊಡುತ್ತದೆ. ಅರಳಿಯೇ ಎಲ್ಲಕ್ಕಿಂತ ಕಠಿನ. ಉದ್ದನೆಯ ತೊಟ್ಟಿನ ತುದಿಯಲ್ಲಿ ಸದಾ ನಡುಗುವ ಅದರ ಎಲೆ ಎಷ್ಟು ಕಿರಿದಾದರೂ ತೊಟ್ಟು ಅದೇ ಪ್ರಮಾಣದಲ್ಲಿ ಕುಗ್ಗಲೊಲ್ಲದು. ಅಷ್ಟಾದರೂ ಫಾಲ್ಗುಣದಲ್ಲಿ ಎಲೆಯೆಲ್ಲ ಕಳಚಿ, ತಾಮ್ರವರ್ಣದ ಹೊಸ ಚಿಗುರು ತಳೆದ ಒಂದು ಗೇಣಿನ ಅರಳಿಯನ್ನು ಕಂಡವನು ಆ ಶ್ರಮವನ್ನೆಲ್ಲ ಮರೆಯುತ್ತಾನೆ.

ಕುಬ್ಜವೃಕ್ಷವೆಂದೊಡನೆ ಅನೇಕ ಸಹೃದಯರ ಮನಸ್ಸು ಅಳುಕುತ್ತದೆ. ಆಕಾಶಕ್ಕೆ ಬೆಳೆಯಬೇಕಾದ ಜೀವವನ್ನು ಉಪವಾಸ ಕೆಡವಿ ಕುಗ್ಗಿಸುವುದು ಹಿಂಸೆಯಲ್ಲವೇ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾನೂ ಬಹುಕಾಲ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಉಪವಾಸವೆಂಬುದು ಮಾತ್ರ ಸುಳ್ಳು: ತಟ್ಟೆಯ ಮರಕ್ಕೆ ಗೊಬ್ಬರ, ನೀರು, ಬಿಸಿಲು ಮೂರೂ ತೋಟದ ಗಿಡಕ್ಕಿಂತ ಹೆಚ್ಚು ಮುತುವರ್ಜಿಯಿಂದ ಸಲ್ಲುತ್ತವೆ, ಸಲ್ಲದಿದ್ದರೆ ಅದು ವಾರದಲ್ಲಿ ಒಣಗಿಹೋಗುತ್ತದೆ. ಮರವು ಚಿಕ್ಕದಾಗಿ ಉಳಿಯುವುದು ಮೇಲಿನ ಕೊಂಬೆಗೂ ಕೆಳಗಿನ ಬೇರಿಗೂ ಸಮನಾಗಿ ಕತ್ತರಿ ಬೀಳುವುದರಿಂದ. ಇನ್ನು ಬೆಳವಣಿಗೆಯ ವಿಚಾರ. ಆಲದ ಬಳಗವು ಹುಟ್ಟಿನಿಂದಲೇ ಇಕ್ಕಟ್ಟಿನಲ್ಲಿ ಬಾಳಲು ಕಲಿತುದು. ಇನ್ನೊಂದು ಮರದ ಕವಲಿನಲ್ಲಿ, ಕೋಟೆಯ ಕಲ್ಲಿನ ಬೆಸುಗೆಯಲ್ಲಿ, ಪಾಳುಗುಡಿಯ ಶಿಖರದಲ್ಲಿ ಮೊಳೆತು, ಸಿಕ್ಕಷ್ಟನ್ನು ಉಂಡು, ನೆಲ ಸಿಕ್ಕುವವರೆಗೆ ವರ್ಷಗಟ್ಟಲೆ ಮೊಣಕಾಲೆತ್ತರದಲ್ಲಿಯೇ ಕಾಯುವ ಶಕ್ತಿ ಅದಕ್ಕುಂಟು. ಕಡಿತವನ್ನೂ ಅದು ಬಲ್ಲುದು. ಕೋಲ್ಕತ್ತದ ಬಳಿ ಹೌರಾದ ಸಸ್ಯೋದ್ಯಾನದ ಮಹಾವಟದ ಮೂಲಕಾಂಡವು ಶಿಲೀಂಧ್ರ ತಗುಲಿ ಕೊಳೆತುದರಿಂದ 1925ರಲ್ಲಿ ಅದನ್ನು ಕಡಿದು ತೆಗೆಯಲಾಯಿತು. ಬೆಂಗಳೂರಿನ ಕೇತೋಹಳ್ಳಿಯಲ್ಲಿ ಸುಮಾರು 3 ಎಕರೆಯಷ್ಟು ಹಬ್ಬಿರುವ, 400 ವರ್ಷದ್ದೆನ್ನುವ ನಮ್ಮ ದೊಡ್ಡಾಲದ ಮರವೂ ರೋಗದಿಂದ ತನ್ನ ಮೂಲಕಾಂಡವನ್ನು ಕಳೆದುಕೊಂಡಿತು. ಎರಡೂ ಬಿಳಲುಗಳ ಮೇಲೆ ನಿಂತು ಇಂದಿಗೂ ನೆರಳೀಯುತ್ತಿವೆ. ಪೈನ್ ಮರವನ್ನು ತಟ್ಟೆಗೆ ಒಗ್ಗಿಸುವವನು ಅದರ ಸ್ವಭಾವಕ್ಕೆ ಎದುರಾಗಿ ನಡೆಯುತ್ತಾನೋ ಏನೋ, ಆಲವನ್ನು ಒಗ್ಗಿಸುವವನು ಅದರ ಸ್ವಭಾವದ ಬೆನ್ನು ಹಿಡಿದೇ ನಡೆಯುತ್ತಾನೆ. ನನ್ನ ಮನಸ್ಸಿನ ಅಳುಕು ಕಳೆದುದು ಈ ತಿಳಿವಿನಿಂದ.

ಗೋಡೆಯಿಂದ ಗಿಡ ತೆಗೆಯುವ ಕೆಲಸಕ್ಕೆ ಮಳೆಗಾಲದ ಆರಂಭವೇ ತಕ್ಕ ಕಾಲ. ಸುತ್ತಲಿನ ಗಾರೆಯನ್ನು ಚಿಕ್ಕ ಉಳಿಯಿಂದ ಸಡಿಲಿಸಿ ಎಳೆದಾಗ, ಇಟ್ಟಿಗೆಗಳ ನಡುವೆ ಒತ್ತಿ ಬೆಳೆದ ಬೇರು ರಿಬ್ಬನ್ನಿನಂತೆ ಚಪ್ಪಟೆಯಾಗಿ ಹೊರಬರುತ್ತದೆ. ಬುಡದಲ್ಲಿ ಹಲವು ಗೋಡೆಗಿಡಗಳಿಗೆ ಗೆಡ್ಡೆಯಂಥ ಒಂದು ಉಬ್ಬು. ಆ ವಿಕಾರವೇ ಮುಂದೆ ಅದರ ಸೌಂದರ್ಯ. ಎಲೆಗಳನ್ನೆಲ್ಲ ಕತ್ತರಿಸಿ, ಬೇರನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ಮೊದಲು ಅಗಲವಾದ ಸಾದಾ ಕುಂಡದಲ್ಲಿ ನೆರಳಿಗಿಡಬೇಕು. ಮಣ್ಣಿನ ವಿಷಯದಲ್ಲಿ ನಮ್ಮವರ ಪಾಕ ಸರಳವಾದುದು: ಜರಡಿ ಹಿಡಿದು ಧೂಳು ತೆಗೆದ ಹಳೆಯ ಇಟ್ಟಿಗೆಯ ಚೂರು, ಒರಟು ಮರಳು, ಸ್ವಲ್ಪ ಕೆಮ್ಮಣ್ಣು, ಚೆನ್ನಾಗಿ ಕಳಿತ ಎಲೆಗೊಬ್ಬರ. ನೀರು ಹೊಯ್ದೊಡನೆ ತಳದ ತೂತಿನಿಂದ ಇಳಿದುಹೋಗಬೇಕು. ನಿಂತಿತೆಂದರೆ ಬೇರು ಕೊಳೆಯಿತು.

ಮೊದಲ ಐದಾರು ವರ್ಷ ತಟ್ಟೆಯ ಆಸೆಯನ್ನೇ ಬಿಡಬೇಕು. ಕಾಂಡ ದಪ್ಪಗಾಗಬೇಕಾದರೆ ಗಿಡವು ಸ್ವಚ್ಛಂದವಾಗಿ ಬೆಳೆಯಬೇಕು. ಒಂದಾಳೆತ್ತರ ಬೆಳೆದ ಮೇಲೆ ಅದನ್ನು ಗೇಣೆತ್ತರಕ್ಕೆ ಕಡಿದು, ಕಡಿತದ ಕೆಳಗಿನ ಹೊಸ ಚಿಗುರನ್ನು ಮುಂದಿನ ಕಾಂಡವಾಗಿ ಎಬ್ಬಿಸಿ, ಅದೂ ಬಲಿತ ಮೇಲೆ ಮತ್ತೆ ಕಡಿದು, ಹೀಗೆ ಬುಡದಿಂದ ತುದಿಗೆ ಕ್ರಮವಾಗಿ ತೆಳುವಾಗುತ್ತ ಬಾಗಿ ಬಳುಕುವ ಆಕಾರವನ್ನು ತರುತ್ತಾರೆ. ಗ್ವಾಂಗ್‌ಡಾಂಗ್ ಸೀಮೆಯ ಲಿಂಗ್‌ನಾನ್ ಸಂಪ್ರದಾಯದವರು ಬೆಳೆಯಬಿಟ್ಟು ಕತ್ತರಿಸುವ ಈ ವಿಧಾನವೊಂದರಿಂದಲೇ ಬಹುತೇಕ ಎಲ್ಲವನ್ನೂ ಸಾಧಿಸಿದರು. ಕಡಿದಾಗಲೆಲ್ಲ ಗಾಯದಿಂದ ಹಾಲು ಸುರಿಯುತ್ತದೆ. ತಣ್ಣೀರು ಚಿಮುಕಿಸಿದರೆ ನಿಲ್ಲುತ್ತದೆ. ಕೆಲವರ ಚರ್ಮಕ್ಕೆ ಆ ಹಾಲು ಆಗದು, ಕಣ್ಣಿಗಂತೂ ತಾಗಿಸಲೇಬಾರದು.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಆಡಿದವರು ಆಲದ ಕೊಂಬೆಯನ್ನು ನೋಡಿರಲಾರರು. ಹೆಬ್ಬೆರಳು ದಪ್ಪದ ಕೊಂಬೆಯೂ ಅಲ್ಯುಮಿನಿಯಂ ತಂತಿಯ ಸುತ್ತಿಗೆ ಸಿಕ್ಕರೆ ಮೆಲ್ಲಮೆಲ್ಲನೆ ಮಾತು ಕೇಳುತ್ತದೆ. ತಂತಿಯನ್ನು ಓರೆಯಾಗಿ, ಕೊಂಬೆಗೆ 45 ಡಿಗ್ರಿ ಕೋನದಲ್ಲಿ, ಬಿಗಿಯದೆ ಸಡಿಲಿಸದೆ ಸುತ್ತಬೇಕು. ಆದರೆ ಮಳೆಗಾಲದಲ್ಲಿ ಈ ಮರಗಳು ದಪ್ಪಗಾಗುವ ವೇಗವನ್ನು ಮರೆಯಬಾರದು. ಒಂದು ಆಷಾಢದಲ್ಲಿ ತಂತಿ ಸುತ್ತಿ ಪ್ರವಾಸ ಹೋದ ನಾನು ಎರಡು ತಿಂಗಳು ಕಳೆದು ಬಂದು ನೋಡಿದರೆ, ತಂತಿ ತೊಗಟೆಯೊಳಕ್ಕೆ ಹೂತು ಕೊಂಬೆಗೆ ತಿರುಪಿನ ಮರೆಯಂತೆ ಗುರುತು ಬಿದ್ದಿತ್ತು. ಹನ್ನೊಂದು ವರ್ಷಗಳಾದರೂ ಆ ಗುರುತು ಪೂರ್ತಿ ಮಾಸಿಲ್ಲ. ಆ ಮರದ ಮುಂದೆ ನಿಂತಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಎಲೆಯನ್ನು ಕಿರಿದುಗೊಳಿಸುವ ಉಪಾಯವೂ ಈ ಬಳಗದ ಚೈತನ್ಯವನ್ನೇ ನೆಚ್ಚಿದುದು. ಗಿಡ ಪುಷ್ಟವಾಗಿರುವಾಗ ಎಲೆಗಳನ್ನೆಲ್ಲ ತೊಟ್ಟು ಉಳಿಸಿ ಕತ್ತರಿಸಿದರೆ, ಕೆಲವು ದಿನಗಳಲ್ಲಿ ತೊಟ್ಟುಗಳು ತಾವಾಗಿ ಕಳಚಿ, ಪ್ರತಿಯೊಂದರ ಕಂಕುಳಲ್ಲಿ ಹೊಸ ಮೊಗ್ಗು ಒಡೆದು, ಒಂದು ಎಲೆಯಿದ್ದ ಕಡೆ ಮೂರು ನಾಲ್ಕು ಚಿಕ್ಕ ಎಲೆಗಳು ಬರುತ್ತವೆ. ಅಂಗೈಯಗಲದ ಆಲದೆಲೆ ಎರಡು ಬೆರಳಿನಷ್ಟಕ್ಕೆ ಇಳಿಯಲು ಹಲವು ವರ್ಷಗಳ ಇಂಥ ಸಂಸ್ಕಾರ ಬೇಕು. ಸೊರಗಿದ ಗಿಡಕ್ಕೆ ಇದನ್ನು ಮಾಡಿದರೆ ಅದೇ ಅದರ ಕೊನೆ.

ನನ್ನ ಮನಸ್ಸನ್ನು ಸೆರೆಹಿಡಿದುದು ಬಿಳಲು. ತಟ್ಟೆಯ ಆಲಕ್ಕೆ ಬಿಳಲು ತಾನಾಗಿ ಸುಲಭಕ್ಕೆ ಇಳಿಯದು. ಅದಕ್ಕೆ ಗಾಳಿಯಲ್ಲಿ ತೇವ ಬೇಕು. ಕರಾವಳಿಯವರಿಗೆ ಮಳೆಗಾಲವೇ ಅದನ್ನು ಒದಗಿಸುತ್ತದೆ. ಬಯಲುಸೀಮೆಯವರು ಕೊಂಬೆಗೆ ಒದ್ದೆ ಪಾಚಿ ಸುತ್ತಿ, ಮರವನ್ನೇ ತೆಳು ಪ್ಲಾಸ್ಟಿಕ್ ಹೊದಿಕೆಯೊಳಗಿಟ್ಟು ಕಾಯಬೇಕು. ಮೊದಲು ಕೊಂಬೆಯ ಅಡಿಯಲ್ಲಿ ಬಿಳಿಯ ಚುಕ್ಕೆಯೊಂದು. ಆಮೇಲೆ ಕೆಂಚು ಬಣ್ಣದ ನೂಲೆಳೆಯಷ್ಟು ಬೇರು, ತುದಿಯಲ್ಲಿ ಮಾತ್ರ ಹಸುಗೂಸಿನ ಉಗುರಿನ ಮೆರುಗು. ಅದು ಮಣ್ಣು ಮುಟ್ಟುವ ಮೊದಲೇ ಬಾಡದಿರಲೆಂದು ಎಳನೀರು ಹೀರುವ ಕೊಳವೆಯನ್ನು ಉದ್ದಕ್ಕೆ ಸೀಳಿ, ಅದರೊಳಗೆ ಒದ್ದೆ ಪಾಚಿ ತುಂಬಿ, ಬೇರನ್ನು ಅದರ ಮೂಲಕ ಕೆಳಕ್ಕೆ ಕರೆತರುತ್ತಾರೆ. ನೆಲ ಸೇರುವವರೆಗೆ ಆ ಎಳೆ ಗಾಳಿಗೆ ಓಲಾಡುತ್ತಿರುತ್ತದೆ. ಸೇರಿದ ಕೆಲವು ವಾರಗಳಲ್ಲಿ ಅದು ತನ್ನಷ್ಟಕ್ಕೆ ಕುಗ್ಗಿ, ಶ್ರುತಿ ಮಾಡಿದ ತಂಬೂರಿಯ ತಂತಿಯಂತೆ ಬಿಗಿಯಾಗಿ ನಿಲ್ಲುತ್ತದೆ. ಬೆರಳಿನಿಂದ ಮೀಟಿದರೆ ಆ ಬಿಗಿತ ತಿಳಿಯುತ್ತದೆ. ಬಳಿಕವೇ ಅದು ದಪ್ಪಗಾಗುತ್ತ ಕಂಬವಾಗುವುದು. ಕೇತೋಹಳ್ಳಿಯ ಮರವನ್ನು ಎತ್ತಿ ಹಿಡಿದಿರುವ ಕ್ರಿಯೆಯೇ, ನನ್ನ ಮನೆಯ ಜಗಲಿಯಲ್ಲಿ, ಗೇಣಗಲದ ತಟ್ಟೆಯಲ್ಲಿ ನಡೆಯುವುದನ್ನು ಕಣ್ಣಾರೆ ಕಂಡ ದಿನ ನಾನು ಹೊತ್ತಿನ ಊಟವನ್ನೂ ಮರೆತಿದ್ದೆ. ಒಂದಕ್ಕೊಂದು ತಾಗಿದ ಬಿಳಲುಗಳು ಕಾಲಕ್ರಮದಲ್ಲಿ ಬೆಸೆದು ಒಂದಾಗುವುದೂ ಈ ಬಳಗದ ಗುಣ. ಕಲ್ಲಿನ ಮೇಲೆ ಬೇರನ್ನು ಹರಡಿ ಕಟ್ಟಿ ಮಣ್ಣಿನಲ್ಲಿ ಹೂತಿಟ್ಟರೆ, ಎರಡು ಮೂರು ವರ್ಷಗಳಲ್ಲಿ ಬೇರು ಕಲ್ಲನ್ನು ಮುಷ್ಟಿಯಂತೆ ಹಿಡಿದುಕೊಂಡಿರುತ್ತದೆ.

ಉಳಿದುದು ನಿತ್ಯದ ಉಪಚಾರ. ಎರಡು ವರ್ಷಕ್ಕೊಮ್ಮೆ, ಮುಂಗಾರಿನ ಮುನ್ನ, ಮರವನ್ನು ತಟ್ಟೆಯಿಂದೆತ್ತಿ ಬೇರಿನ ಮೂರನೆಯ ಒಂದು ಪಾಲನ್ನು ಕತ್ತರಿಸಿ ಹೊಸ ಮಣ್ಣು ಕೊಡಬೇಕು. ಬೇಸಗೆಯಲ್ಲಿ ದಿನಕ್ಕೆರಡು ಸಲ ನೀರು. ಹಿಟ್ಟುತಿಗಣೆ ಕಂಡರೆ ಬೇವಿನೆಣ್ಣೆ.

ಅರಳಿಯನ್ನು ಮನೆಯಲ್ಲಿಡಬಾರದೆಂಬ ನಂಬಿಕೆ ನಮ್ಮಲ್ಲಿ ಪ್ರಬಲವಾಗಿದೆ. ಅದರ ಜಾಗ ಊರ ಕಟ್ಟೆ. ಬೇವಿನೊಡನೆ ಅದಕ್ಕೆ ಮದುವೆ, ಬುಡದಲ್ಲಿ ನಾಗರಕಲ್ಲು, ಹೆಂಗಸರ ಪ್ರದಕ್ಷಿಣೆ. ಈ ಭಾವನೆಯನ್ನು ನೋಯಿಸದೆ ಅನೇಕರು ಅರಳಿಯ ತಟ್ಟೆಯನ್ನು ಅಂಗಳದಲ್ಲಿ, ತುಳಸಿಯ ಪಕ್ಕದಲ್ಲಿಟ್ಟು ಪೂಜೆಯನ್ನೂ ಸಲ್ಲಿಸುತ್ತಾರೆ. ಹೊರಾಂಗಣವೇ ಈ ಮರಗಳಿಗೆ ಹಿತವಾದುದರಿಂದ ಸಂಪ್ರದಾಯವೂ ತೋಟಗಾರಿಕೆಯೂ ಇಲ್ಲಿ ಒಂದೇ ಮಾತನ್ನಾಡುತ್ತವೆ. ಈ ಕಲೆಯನ್ನು ಕಣ್ಣಿಂದ ಕಾಣಬಯಸುವವರು ಬೆಂಗಳೂರಿನ ಲಾಲ್‌ಬಾಗಿನ ಬೋನ್ಸಾಯ್ ವನಕ್ಕೂ, ಮೈಸೂರಿನಲ್ಲಿ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೂ ಒಂದು ಬೆಳಿಗ್ಗೆಯನ್ನು ಮೀಸಲಿಡುವುದು ಒಳ್ಳೆಯದು. ಮರದ ಮುಂದೆ ಮೊಣಕಾಲೂರಿ, ಕಣ್ಣನ್ನು ತಟ್ಟೆಯ ಮಟ್ಟಕ್ಕೆ ತಂದು ನೋಡಬೇಕು; ಮೇಲಿನಿಂದ ಕಂಡಾಗ ಗಿಡವಾಗಿದ್ದುದು ಆಗ ಮರವಾಗುತ್ತದೆ.

ಎಲೆ ಕಿರಿದಾಗುತ್ತದೆ, ಕೊಂಬೆ ಕಿರಿದಾಗುತ್ತದೆ, ಹಣ್ಣು ಮಾತ್ರ ಕಿರಿದಾಗುವುದಿಲ್ಲ. ಗೋಡೆಯಿಂದ ತಂದ ನನ್ನ ಆಲ ಹದಿನೆಂಟನೆಯ ವರ್ಷ, ಕತ್ತರಿ ತಾಗಿಸದೆ ಬಿಟ್ಟ ಎರಡು ಕೊಂಬೆಗಳಲ್ಲಿ, ಏಳು ಕಾಯಿ ಕಟ್ಟಿತು. ಆಲಕ್ಕೆಂದೇ ಇರುವ ಒಂದು ಸೂಕ್ಷ್ಮ ಕಣಜವು ಕಾಯಿಯ ಬಾಯಿಂದ ಒಳಹೊಕ್ಕು ಪರಾಗಸ್ಪರ್ಶ ಮಾಡಬೇಕೆಂದು ಓದಿ ತಿಳಿದಿದ್ದ ನಾನು, ಇಷ್ಟು ದೊಡ್ಡ ನಗರದಲ್ಲಿ ಒಂದೂವರೆ ಅಡಿಯ ಈ ಮರವನ್ನು ಅದು ಹೇಗೆ ಹುಡುಕೀತೆಂದು ಶಂಕಿಸಿದ್ದೆ. ಏಳರಲ್ಲಿ ನಾಲ್ಕು ಉದುರಿದವು. ಮೂರು ಊರಾಚೆಯ ಹೆಮ್ಮರದ ಹಣ್ಣುಗಳಷ್ಟೇ ದಪ್ಪಗೆ, ಅಷ್ಟೇ ಕೆಂಪಾಗಿ ಮಾಗಿದವು. ಅವನ್ನು ಬಿಡಿಸಿ ನೋಡಬೇಕೆಂದು ಮಾರನೆಯ ಬೆಳಿಗ್ಗೆ ಜಗಲಿಗೆ ಬಂದಾಗ, ಜುಟ್ಟಿನ ಪಿಕಳಾರವೊಂದು ತಟ್ಟೆಯ ಅಂಚಿನಲ್ಲಿ ಕುಳಿತು ಮೂರನೆಯದನ್ನು ಕುಕ್ಕುತ್ತಿತ್ತು.