ಬಿಸಿಲೂ ಬೆವರೂ

ಚಾರ್ಲ್ಸ್ ಬ್ಲಾಗ್ಡೆನ್ ಎಂಬ ಆಂಗ್ಲ ವೈದ್ಯನು 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ವಿಚಿತ್ರ ಪ್ರಯೋಗದ ವರದಿಯನ್ನು ಒಪ್ಪಿಸಿದನು. ಒಲೆಯಿಂದ ಕಾಯಿಸಿದ ಒಣ ಕೊಠಡಿಯೊಂದರಲ್ಲಿ ಉಷ್ಣತಾಮಾಪಕವು 260 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 127 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದಾಗ, ಅವನು ಎಂಟು ನಿಮಿಷ ನಿಂತು ಕುಶಲವಾಗಿ ಹೊರಬಂದಿದ್ದನು. ಅಲ್ಲಿಯೇ ತಗಡಿನ ಮೇಲಿಟ್ಟಿದ್ದ ಕೋಳಿಮೊಟ್ಟೆಗಳು ಇಪ್ಪತ್ತು ನಿಮಿಷಗಳಲ್ಲಿ ಬೆಂದು ಗಟ್ಟಿಯಾದವು! ಮೊಟ್ಟೆಗಿಲ್ಲದ ಯಾವ ರಕ್ಷಣೆ ಮನುಷ್ಯನಿಗಿತ್ತು?

ಉತ್ತರಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಮಣ್ಣಿನ ಹೂಜಿಯನ್ನು ನೋಡಿದರೆ ಸಾಕು. ಅದರ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಬೇಕಾದ ಶಾಖವನ್ನು ಹೂಜಿಯಿಂದಲೇ ಸೆಳೆದುಕೊಳ್ಳುತ್ತದೆ. ಒಳಗಿನ ನೀರು ತಣ್ಣಗಾಗುತ್ತದೆ. ನಮ್ಮ ಚರ್ಮವೂ ಅಂಥದೊಂದು ಹೂಜಿಯೇ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿಗಳಷ್ಟು ಶಾಖವನ್ನು ಒಯ್ಯುತ್ತದೆ. ಮಂಜುಗಡ್ಡೆಯಷ್ಟು ತಣ್ಣಗಿರುವ ಐದೂವರೆ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು.

ಬ್ಲಾಗ್ಡೆನ್ ಆ ಕೊಠಡಿಯಲ್ಲಿ ನೀರಿನ ಪಾತ್ರೆಯನ್ನೂ ಇಟ್ಟಿದ್ದನು. ನೀರು ಆವಿಯಾಗುತ್ತಿರುವವರೆಗೆ ಕುದಿಯಲಿಲ್ಲ. ಅದರ ಮೇಲೆ ಸ್ವಲ್ಪ ಎಣ್ಣೆ ಹಾಕಿ ಆವಿಯ ದಾರಿಯನ್ನು ಮುಚ್ಚಿದ ಮೇಲೆ ಕಾಯುತ್ತ ಹೋಗಿ ಕುದಿಯಿತು. ಬೇಸಿಗೆಯ ಅಪಾಯವೆಲ್ಲವೂ ಈ ಒಂದು ದೃಷ್ಟಾಂತದಲ್ಲಿ ಅಡಗಿದೆ. ನಮ್ಮನ್ನು ತಂಪುಗೊಳಿಸುವುದು ಸುರಿಯುವ ಬೆವರಲ್ಲ, ಆರುವ ಬೆವರು.

ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದರೆ ಅದೇ ಎಣ್ಣೆಯ ಪೊರೆಯಂತೆ ಅಡ್ಡಿಯಾಗುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ; ಆದರೆ ಅಲ್ಲಿಯ ಒಣಹವೆಯಲ್ಲಿ ಬೆವರು ಬೇಗ ಆರುತ್ತದೆ. ಮಂಗಳೂರಿನಲ್ಲಿ ಉಷ್ಣತೆ ಅದಕ್ಕಿಂತ ಕಡಿಮೆಯಾದರೂ ಬೆವರು ಮೈಮೇಲೆಯೇ ನಿಲ್ಲುತ್ತದೆ. ಆದುದರಿಂದಲೇ ವಿಜ್ಞಾನಿಗಳು ಉಷ್ಣತಾಮಾಪಕದ ಬುಡಕ್ಕೆ ಒದ್ದೆಬಟ್ಟೆ ಸುತ್ತಿ, ಗಾಳಿಗೊಡ್ಡಿ, ‘ಆರ್ದ್ರಬಲ್ಬ್ ಉಷ್ಣತೆ’ಯನ್ನು ಅಳೆಯುತ್ತಾರೆ. ಅದು 35 ಡಿಗ್ರಿ ಮುಟ್ಟಿದರೆ ಬೆವರಿನಿಂದ ಪ್ರಯೋಜನವಿಲ್ಲವೆಂಬುದು ಗಣಿತದ ಲೆಕ್ಕ. ಆದರೆ ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ ತರುಣರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ತೇವದ ಗಾಳಿಯಲ್ಲಿ ಸುಮಾರು 31 ಡಿಗ್ರಿಗೇ ಅವರ ಶರೀರದ ಉಷ್ಣತೆ ಏರತೊಡಗಿತು. ತಾರುಣ್ಯವೊಂದೇ ರಕ್ಷೆಯಲ್ಲ.

ಒಣಹವೆಯಲ್ಲಿ ಬೇರೊಂದು ಮೋಸವಿದೆ. ಬೆವರು ಕಾಣದಂತೆ ಆರಿಹೋಗುವುದರಿಂದ ಎಷ್ಟು ನೀರು ನಷ್ಟವಾಯಿತೆಂಬುದು ನಮಗೆ ತಿಳಿಯುವುದಿಲ್ಲ. ಬಾಯಾರುವುದಕ್ಕೆ ಮುಂಚೆಯೇ ಸ್ವಲ್ಪಸ್ವಲ್ಪವಾಗಿ ನೀರು ಕುಡಿಯಬೇಕು. ಬೆವರಿನೊಡನೆ ಉಪ್ಪೂ ಹೋಗುವುದರಿಂದ, ಉಪ್ಪು ಬೆರೆಸಿದ ನೀರುಮಜ್ಜಿಗೆಯು ಹಿರಿಯರ ರೂಢಿ ಮಾತ್ರವಲ್ಲ, ಶರೀರಶಾಸ್ತ್ರಕ್ಕೂ ಒಪ್ಪುವಂಥದು. ಸಡಿಲವಾದ ತೆಳು ಹತ್ತಿಯ ಬಟ್ಟೆಯೂ ತಲೆಗೆ ರುಮಾಲೂ ಹಿತಕರ. ಹವಾಮಾನ ಇಲಾಖೆ ಪ್ರಕಟಿಸುವ ಉಷ್ಣತೆಯು ನೆರಳಿನಲ್ಲಿ ಅಳೆದುದೆಂಬುದನ್ನು ಮರೆಯಲಾಗದು. ಬಯಲಿನಲ್ಲಿ ನಿಂತವನಿಗೆ ಸೂರ್ಯನ ಕಿರಣಗಳ ಶಾಖ ಬೇರೆ. ಹನ್ನೆರಡರಿಂದ ಮೂರು ಗಂಟೆಯವರೆಗೆ ಆಟ, ಕವಾಯತುಗಳನ್ನು ನಿಲ್ಲಿಸುವುದೇ ಲೇಸು. ಬಿಸಿಲಿಗೆ ಶರೀರ ಒಗ್ಗಲು ಒಂದೆರಡು ವಾರ ಬೇಕಾಗುವುದರಿಂದ, ಬೇಸಿಗೆಯ ಆರಂಭದಲ್ಲಿ ಶ್ರಮವನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು.

ಇಷ್ಟಾದರೂ ಒಬ್ಬನಿಗೆ ತಲೆಸುತ್ತು, ತಲೆನೋವು, ವಾಕರಿಕೆ, ಸ್ನಾಯುಗಳ ಸೆಳೆತ ಕಂಡರೆ ನೆರಳಿನಲ್ಲಿ ಮಲಗಿಸಿ ಗುಟುಕುಗುಟುಕಾಗಿ ನೀರು ಕೊಡಬೇಕು. ಮಾತು ತೊದಲಿದರೆ, ಬುದ್ಧಿಗೆ ಭ್ರಮೆ ಕವಿದರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ. ಆಗ ಶರೀರದ ಉಷ್ಣತೆ ಸಾಮಾನ್ಯವಾಗಿ 40 ಡಿಗ್ರಿ ಮೀರಿರುತ್ತದೆ. ಪ್ರತಿ ನಿಮಿಷವೂ ಅಮೂಲ್ಯ. ಮೈ ಬೆವರುತ್ತಿದೆಯೆಂದು ಧೈರ್ಯ ತಾಳಬಾರದು. ಆಡುತ್ತಲೋ ದುಡಿಯುತ್ತಲೋ ಬಿದ್ದವನ ಮೈ ಒದ್ದೆಯಾಗಿಯೇ ಇರಬಹುದು. ಕೂಡಲೆ 108ಕ್ಕೆ ಕರೆಮಾಡಿ, ವಾಹನ ಬರುವವರೆಗೆ ಕೈಕಟ್ಟಿ ಕೂರದೆ, ಬಟ್ಟೆ ಸಡಿಲಿಸಿ ಮೈಗೆಲ್ಲ ತಣ್ಣೀರು ಸುರಿದು ಬೀಸಬೇಕು. ತಣ್ಣೀರಿನ ತೊಟ್ಟಿಯಿದ್ದರೆ, ತಲೆಯನ್ನು ನೀರಿನಿಂದ ಮೇಲೆ ಹಿಡಿದು ಮೈಯನ್ನು ಮುಳುಗಿಸುವುದು ಇನ್ನೂ ಉತ್ತಮ. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಲೇಬಾರದು. ಜ್ವರದ ಮಾತ್ರೆಯಿಂದ ಈ ತಾಪ ಇಳಿಯುವುದಿಲ್ಲ.

ಮೈದಾನದಲ್ಲಿ ಜೊತೆಗಾರನೊಬ್ಬನು ತಡವರಿಸಿದಾಗ, ಅವನು ದಣಿದಿದ್ದಾನೆಂದು ನಗದೆ, ಮೊದಲು ಅವನನ್ನು ಮಾತನಾಡಿಸಿ ನೋಡಬೇಕು. ಉತ್ತರ ಅಸಂಬದ್ಧವಾಗಿದ್ದರೆ ವೈದ್ಯನಿಗಾಗಿ ಕಾಯದೆ ನೀರಿನ ಕೊಡವನ್ನು ಎತ್ತಬೇಕು. ವಿದ್ಯಾರ್ಥಿಗಳು ಇಷ್ಟನ್ನು ಅರಿತಿದ್ದರೆ ಒಂದು ಜೀವವನ್ನು ಉಳಿಸಬಲ್ಲರು.